ಕೆಂಪು ದಾರದ ತಟ್ಟೆ

ಹುಳದ ಮೇಡಂ ಅವರ ಕೆಲಸ ಕೆಟ್ಟದ್ದು ರೋಗದಿಂದ ಅಲ್ಲ. ಸೂತಕದಿಂದಲೂ ಅಲ್ಲ. ನನ್ನಿಂದ. ಇದನ್ನು ಮೊದಲೇ ಬರೆದಿಟ್ಟರೆ ಮಿಕ್ಕಿದ್ದನ್ನು ಬರೆಯುವುದಕ್ಕೆ ಕೈ ನಡೆಯುತ್ತದೆ.

ಅವರು ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದ ಇಲಾಖೆಯವರು ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಅವರ ಕೈಕೆಳಗೆ ಓದಿದ ಹುಡುಗಿ ಫೋನು ಮಾಡಿ, "ಅಜ್ಜೀ, ನೀವೂ ಬರೀಬೇಕು" ಅಂದಳು. ನಾನು ಓದಿರುವುದು ನಾಲ್ಕನೇ ಕ್ಲಾಸು. "ನನ್ ಬರಹ ಯಾರ್ ಓದ್ತಾರೆ ಬಿಡಮ್ಮ" ಅಂದೆ.

"ಮಿಕ್ಕೋರೆಲ್ಲ ಮೇಡಂ ಬಗ್ಗೆ ಒಳ್ಳೇದೇ ಬರ್ಕೊಟ್ಟಿದ್ದಾರೆ ಅಜ್ಜಿ. ನೀವು ನಡೆದಿದ್ದು ಬರೀರಿ" ಅಂದಳು. ಅದಾದರೆ ನನಗೂ ಬರುತ್ತದೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮೂರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಬಸ್ಸಿನ ಕಂಡಕ್ಟರಿಗೂ ಅವರು ಹುಳದ ಮೇಡಮ್ಮೇ.

ನಮ್ಮದು ಆವತಿಯಿಂದ ಎರಡು ಮೈಲಿ ಒಳಗೆ. ಮದುವೆಯಾಗಿ ಬಂದ ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಮಕ್ಕಳನ್ನು ನೋಡಿಕೊಂಡದ್ದಕ್ಕಿಂತ ಹುಳುವನ್ನು ನೋಡಿಕೊಂಡದ್ದು ಹೆಚ್ಚು. ಮಕ್ಕಳು ಹಸಿವಾದರೆ ಅಳುತ್ತವೆ. ಹುಳು ಅಳುವುದಿಲ್ಲ, ಸುಮ್ಮನೆ ಸಾಯುತ್ತದೆ. ಅದಕ್ಕೇ ನನ್ನ ಹುಳುಮನೆಗೆ ಕಟ್ಟುಪಾಡು ಜಾಸ್ತಿ. ಸಾವಿನ ಮನೆಯವರು, ಹೆರಿಗೆ ಮನೆಯವರು, ಮುಟ್ಟಾದವರು ಹೊಸ್ತಿಲು ದಾಟಬಾರದು. ಹುಳುಮನೆಯಿಂದ ಒಂದು ಕಡ್ಡಿಯೂ ಸೂತಕದವರ ಕೈಗೆ ಹೋಗಬಾರದು. ಇವೆಲ್ಲ ನಮ್ಮತ್ತೆ ಹೇಳಿದ್ದು. ನಮ್ಮತ್ತೆಗೆ ಅವರತ್ತೆ ಹೇಳಿದ್ದು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಏಳೆಂಟು ವರ್ಷದ ಕೆಳಗೆ ಮೇಡಂ ಮೊದಲ ಸಲ ಬಂದಾಗ ನಾನು ಅಂಗಳದಲ್ಲಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದೆ. ಕುಳ್ಳಗೆ, ಗುಂಡಗೆ, ಹೆಗಲಿಗೆ ಒಂದು ಬ್ಯಾಗು. ಹಿಂದೆ ಆ ಓದುವ ಹುಡುಗಿ.

"ನಿಮ್ ಹುಳು ನೋಡ್ಬೇಕಿತ್ತು ಅಮ್ಮಾ!" ಅಂದರು. ಊರ ಬಾಗಿಲಿಗೆ ಕೇಳಿಸುವಷ್ಟು ಜೋರಾಗಿ.

"ಕೂಗ್ಬೇಡಿ. ನನ್ ಕಿವಿ ನೆಟ್ಟಗಿವೆ."

ಅವರು ನಕ್ಕರು. "ದೊಡ್ಡಬಳ್ಳಾಪುರದೋಳು ಅಮ್ಮಾ. ಮಗ್ಗದ ಮನೇಲಿ ಹುಟ್ದೋಳು. ಮೆಲ್ಲಗೆ ಮಾತಾಡೋದ್ ಕಲೀಲೇ ಇಲ್ಲ."

"ಅಮ್ಮಾ ಅನ್ಬೇಡಿ. ನಿಮ್ಗಿಂತ ಹತ್ ವರ್ಷ ದೊಡ್ಡೋಳಿರ್ಬೋದು, ಅಷ್ಟೆ."

"ಸರಿ ಅಕ್ಕ" ಅಂದರು. ಕೊನೆಯವರೆಗೂ ಅಕ್ಕನೇ.

ಅವರ ಮನೆಯ ನಡುವೆಯೇ ನಾಲ್ಕು ಪವರ್‌ಲೂಮ್ ಮಗ್ಗ ಇದ್ದವಂತೆ. ಅವು ಓಡುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು. ಅವರಮ್ಮ ಊಟಕ್ಕೆ ಕರೆಯಬೇಕಾದರೆ ಬೆರಳು ಕೂಡಿಸಿ ಬಾಯಿಗೆ ತೋರಿಸುವುದು, ಸ್ಕೂಲಿಗೆ ಹೊತ್ತಾಯಿತು ಅನ್ನಬೇಕಾದರೆ ಮಣಿಕಟ್ಟು ತಟ್ಟುವುದು. ಅದು ಮೇಡಂ ಅವರಿಗೂ ಅಂಟಿತ್ತು. ಬಾಯಲ್ಲಿ ಕೂಗುತ್ತಾ ಕೈಯಲ್ಲೂ ಅದನ್ನೇ ಹೇಳುತ್ತಿದ್ದರು. "ನೀರ್ ಕೊಡಿ ಅಕ್ಕ" ಅನ್ನುವಾಗ ಹೆಬ್ಬೆರಳು ಬಾಯಿಗೆ ಹೋಗುತ್ತಿತ್ತು. ನನಗೆ ಮೊದಮೊದಲು ಇವರು ನನ್ನನ್ನು ಕಿವುಡಿ ಅಂದುಕೊಂಡಿದ್ದಾರೆ ಅನ್ನಿಸಿ ಸಿಟ್ಟು ಬರುತ್ತಿತ್ತು.

ಆವತ್ತು ಅವರು ಹುಳುಮನೆಯ ಕಡೆ ಹೆಜ್ಜೆ ಹಾಕಿದಾಗ ಅಡ್ಡ ನಿಂತೆ.

"ಮುಟ್ಟಾಗಿದ್ದೀರಾ?"

ಹಿಂದಿದ್ದ ಹುಡುಗಿಯ ಮುಖ ಕೆಂಪಾಯಿತು. ಮೇಡಂ ಮುಖ ಏನೂ ಆಗಲಿಲ್ಲ. "ನಂಗೆ ನಿಂತು ಒಂದ್ ವರ್ಷ ಆಯ್ತು ಅಕ್ಕ. ಇವಳನ್ನ ಕೇಳಿ" ಅಂದರು. ಹುಡುಗಿ ಆವತ್ತು ಹೊಂಗೆ ಮರದ ಕೆಳಗೆ ಕೂರಬೇಕಾಯಿತು. ಮೇಡಂ ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೈ ತೊಳೆದು, ಇನ್ನೇನು ತೊಳೆಯಬೇಕು ಅಂತ ನನ್ನ ಮುಖ ನೋಡಿದರು. ಓದಿದವರು ಇಂಥದ್ದಕ್ಕೆ ಒಂದು ನಗು ನಗುತ್ತಾರೆ, ನನಗೆ ಗೊತ್ತು. ಇವರು ನಗಲಿಲ್ಲ. ಅದಕ್ಕೇ ಒಳಗೆ ಬಿಟ್ಟೆ.

ಆ ಬೆಳೆಗೆ, ಅಂದರೆ ಆ ಸಲ ಸಾಕಿದ ಹುಳುವಿಗೆ, ಹಾಲುತೊಂಡೆ ರೋಗ ಬಿದ್ದಿತ್ತು. ಹುಳು ಊದಿಕೊಂಡು, ಮೈ ಮಿರಮಿರ ಅಂದು, ತಟ್ಟೆಯ ಅಂಚಿನಲ್ಲಿ ಸುಮ್ಮನೆ ಸುತ್ತುತ್ತದೆ. ಆಮೇಲೆ ಚರ್ಮ ಒಡೆದು ಹಾಲಿನಂಥ ನೀರು ಸೋರಿ ಸಾಯುತ್ತದೆ. ನೋಡಲು ಬಂದವರೆಲ್ಲ ಸತ್ತ ಹುಳು ನೋಡಿ ಲೊಚಗುಟ್ಟಿ ಹೋಗಿದ್ದರು. ಮೇಡಂ ಸತ್ತವುಗಳ ಕಡೆ ತಿರುಗಲೂ ಇಲ್ಲ. ಅವುಗಳ ನಡುವೆ ಸೊಪ್ಪು ತಿನ್ನುತ್ತಿದ್ದ ಒಂದೊಂದೇ ಹುಳುವಿನ ಮುಂದೆ ಮೂಗು ತಾಗುವ ಹಾಗೆ ಬಗ್ಗಿದರು.

"ಸತ್ತಿದ್ದು ಯಾಕೆ ಅಂತ ಎಲ್ರಿಗೂ ಗೊತ್ತು ಅಕ್ಕ. ಅದೇ ತಟ್ಟೇಲಿ, ಅದೇ ಸೊಪ್ಪು ತಿಂದು, ಇದ್ಯಾಕೆ ಸಾಯ್ಲಿಲ್ಲ?"

"ಅದರ ಹಣೇಬರಹ ಗಟ್ಟಿ ಇತ್ತು."

"ಅದನ್ನೇ ಓದ್ಬೇಕು ನಾನು" ಅಂದರು. ತಮಾಷೆಗೆ ಅಂದುಕೊಂಡೆ. ಅಲ್ಲ, ಅವರ ಕೆಲಸವೇ ಅದಂತೆ.

ಅವರು ಮಾಡುತ್ತಿದ್ದದ್ದು ಇಷ್ಟು. ರೋಗದ ನಡುವೆ ಬದುಕಿದ ಹುಳು ಆರಿಸುವುದು. ಅದು ಗೂಡು ಕಟ್ಟಿದ ಮೇಲೆ ಗೂಡನ್ನು ಬೆಂಗಳೂರಿಗೆ ಒಯ್ದು, ಚಿಟ್ಟೆ ಹುಟ್ಟಿಸಿ, ಮೊಟ್ಟೆ ಇಡಿಸಿ, ಆ ಮೊಟ್ಟೆಯನ್ನು ಮತ್ತೆ ನನ್ನ ಮನೆಗೆ ತರುವುದು. ಹೀಗೆ ಐದು ವಂಶ. ಒಂದರ ಜೊತೆ ಒಂದು ಬೆರೆಯಬಾರದು. ಬೆರೆತರೆ ರೋಗ ತಡೆಯುವ ಗುಣ ಯಾವ ತಾಯಿಯಿಂದ ಬಂತು ಅಂತ ಗೊತ್ತಾಗುವುದಿಲ್ಲ. ಅವರ ಅಪ್ಪನ ಮಗ್ಗದ ಹಾಸಿನಲ್ಲಿ ಉಳಿದ ರೇಷ್ಮೆ ದಾರ ತಂದು, ಒಂದು ತಟ್ಟೆಗೆ ಕೆಂಪು, ಒಂದಕ್ಕೆ ಹಸಿರು, ಹೀಗೆ ಐದಕ್ಕೆ ಐದು ಬಣ್ಣ ಕಟ್ಟಿದ್ದರು. ಇಲಾಖೆಯ ಕೋಣೆಯಲ್ಲೇ ಸಾಕಬಾರದೇ ಅಂತ ಕೇಳಿದ್ದಕ್ಕೆ, "ಅಲ್ಲಿ ಎಲ್ಲಾ ಗಾಜಿನ ಹಂಗಿದೆ ಅಕ್ಕ, ರೋಗನೇ ಬರಲ್ಲ. ರೋಗ ಬರ್ದೆ ಯಾವ್ದು ತಡೆಯುತ್ತೆ ಅಂತ ಹೆಂಗ್ ಗೊತ್ತಾಗುತ್ತೆ?" ಅಂದರು. ಅಂದರೆ ನನ್ನ ಮನೆ ಗಲೀಜು ಅಂತ ತಾನೇ ಅಂದೆ. "ನಿಮ್ಮನೆ ಮನೆ ಹಂಗಿದೆ" ಅಂದರು.

ಒಗ್ಗರಣೆ ವಿಷಯಕ್ಕೆ ನಮ್ಮಿಬ್ಬರಿಗೂ ಒಂದು ಸಲ ಜಗಳವಾಯಿತು. ಹುಳು ಇರುವಾಗ ಮೆಣಸಿನಕಾಯಿ ಒಗ್ಗರಣೆ ಹಾಕಬಾರದು ಅಂತ ನಾನು ಸೊಸೆಗೆ ಬೈಯುತ್ತಿದ್ದೆ. ಮೇಡಂ ಕೇಳಿಸಿಕೊಂಡು, "ಹಂಗಂತಾರೆ ಅಂತ ನಂಬ್ಬೇಡಿ ಅಕ್ಕ. ಒಂದು ತಟ್ಟೆ ಬೇರೆ ಇಟ್ಟು ನೋಡಿ" ಅಂದರು. ನೋಡೇ ಬಿಡೋಣ ಅಂತ ಒಂದು ತಟ್ಟೆ ಅಡುಗೆಮನೆ ಬಾಗಿಲಲ್ಲಿಟ್ಟೆವು, ಅದರಂಥದ್ದೇ ಇನ್ನೊಂದು ಹುಳುಮನೆಯಲ್ಲಿ. ಸೊಸೆ ಒಗ್ಗರಣೆ ಹಾಕಿದಳು. ನಾವು ಮೂವರೂ ಕೆಮ್ಮಿದೆವು. ಬಾಗಿಲಲ್ಲಿದ್ದ ಹುಳುಗಳು ತಿನ್ನುವುದು ಬಿಟ್ಟು ತಲೆ ಎತ್ತಿ ಆಡಿಸತೊಡಗಿದವು. ಒಳಗಿದ್ದವು ತಿನ್ನುತ್ತಲೇ ಇದ್ದವು.

"ಸೋತೆ ಅಕ್ಕ, ಸೋತ್ಬಿಟ್ಟೆ!" ಅಂತ ಮೇಡಂ ಕೂಗಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಸೋತು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ.

"ಹಂಗಾದ್ರೆ ಮೈಲಿಗೆ ಸೂತಕ ಅಂತೀವಲ್ಲ, ಅದೂ ನಿಜವೇ" ಅಂದೆ ನಾನು, ಗೆದ್ದ ಜೋರಿನಲ್ಲಿ.

"ಅದಕ್ಕೂ ಒಂದು ತಟ್ಟೆ ಇಟ್ಟು ನೋಡೋಣ."

"ಆ ಮಾತು ಈ ಮನೇಲಿ ಬೇಡ ಮೇಡಮ್ಮೋರೇ."

ಅವರು ನನ್ನ ಮುಖ ನೋಡಿದರು. ಪುಸ್ತಕ ಮುಚ್ಚಿದರು. ಮತ್ತೆ ಆ ಮಾತು ಎತ್ತಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಎತ್ತಲಿಲ್ಲ. ಎತ್ತಬೇಕಾದ ದಿನವೂ ಎತ್ತಲಿಲ್ಲ.

ಮಧ್ಯೆ ಒಂದು ದಿನ ನನ್ನನ್ನು ಅವರ ಇಲಾಖೆಗೆ ಕರೆದುಕೊಂಡು ಹೋಗಿದ್ದರು. ಬಾಗಿಲ ಮೇಲೆ ಆಣ್ವಿಕ ಜೀವಶಾಸ್ತ್ರ ಅಂತ ಇತ್ತು. ಹುಡುಗಿ ಅದನ್ನು ಮಾಲಿಕ್ಯುಲರ್ ಬಯಾಲಜಿ ಅಂದಳು. ಒಳಗೆ ಹೋಗುವ ದಾರಿಯ ಗೋಡೆಯಲ್ಲಿ ಉದ್ದಕ್ಕೆ ಒಂದು ಬೋರ್ಡು. ಅಲ್ಲಿನ ಮೇಷ್ಟ್ರುಗಳ ಫೋಟೋ, ಕೆಳಗೆ ಅವರವರು ಏನು ಹುಡುಕುತ್ತಿದ್ದಾರೆ ಅನ್ನುವುದು. ಇಂಗ್ಲಿಷಿನಲ್ಲಿತ್ತು, ಮೇಡಂ ಬೆರಳಿಟ್ಟು ಹೇಳಿದರು. ಒಬ್ಬರು ಬಾಳೆಹಣ್ಣಿನ ಮೇಲೆ ಕೂರುವ ಸಣ್ಣ ನೊಣದ ಕಣ್ಣು. ಒಬ್ಬರು ಉಪ್ಪಾದ ಮಣ್ಣಿನಲ್ಲೂ ಬೆಳೆಯುವ ರಾಗಿ. ಒಬ್ಬರು ಬ್ರೆಡ್ಡಿನ ಹಿಟ್ಟು ಉಬ್ಬಿಸುತ್ತದಲ್ಲ, ಆ ಯೀಸ್ಟು ಹೇಗೆ ಮುದಿಯಾಗುತ್ತದೆ ಅಂತ. ಒಬ್ಬರು ಕ್ಷಯದ ಕ್ರಿಮಿ ಶ್ವಾಸಕೋಶದಲ್ಲಿ ಎಲ್ಲಿ ಅವಿತುಕೊಳ್ಳುತ್ತದೆ ಅಂತ. ಕೊನೆಯಲ್ಲಿ ಮೇಡಂ ಫೋಟೋ. ರೇಷ್ಮೆ ಹುಳು, ರೋಗ ತಡೆಯುವ ಗುಣ ತಾಯಿಯಿಂದ ಮರಿಗೆ ಹೇಗೆ ಹೋಗುತ್ತದೆ.

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಅಂದುಕೊಂಡೆ. ಅಷ್ಟರಲ್ಲಿ ನೊಣದ ಮೇಷ್ಟ್ರೇ ಎದುರು ಬಂದರು.

"ನೊಣದ ಕಣ್ ನೋಡಿ ಏನ್ ಮಾಡ್ತೀರಪ್ಪಾ?"

"ಅದ್ರಿಂದ ಮನುಷ್ಯರ ಕಣ್ಣು ಅರ್ಥ ಆಗುತ್ತಜ್ಜಿ."

"ನನ್ ಕಣ್ಗೆ ಪೊರೆ ಬಂದದೆ. ಅದಕ್ಕೇನಂತದೆ ನಿಮ್ ನೊಣ?"

"ಆಪರೇಷನ್ ಮಾಡಿಸ್ಕೊಳ್ಳಿ ಅಂತದೆ" ಅಂದರು ಆತ. ಒಳ್ಳೆಯ ಮನುಷ್ಯ. ಮೇಡಂ ನಕ್ಕದ್ದಕ್ಕೆ ಎರಡು ಕೋಣೆಯಿಂದ ಜನ ಇಣುಕಿದರು.

ಆಮೇಲೆ ಒಂದು ದೊಡ್ಡ ಫ್ರಿಜ್ಜು ತೆಗೆದು ತೋರಿಸಿದರು. ಹೊಗೆಯ ಹಾಗೆ ತಣ್ಣನೆ ಗಾಳಿ ಬಂತು. ಒಳಗೆ ಮಂಜು ಹಿಡಿದ ಡಬ್ಬಿಗಳು, ಪ್ರತಿ ಬೆಳೆಯಲ್ಲೂ ನಮ್ಮ ಮನೆಯಿಂದ ಒಯ್ದ ಕೆಲವು ಹುಳು. ಮೇಲೆ ಕನ್ನಡದಲ್ಲೇ ಬರೆದಿತ್ತು: ಅಕ್ಕ ಒಂದು, ಅಕ್ಕ ಎರಡು, ಅಕ್ಕ ಮೂರು. ಐದರವರೆಗೆ.

"ನನ್ ಹೆಸರಿಟ್ಟು ಹೆಣ ಮಡಗಿದ್ದೀರಲ್ಲಾ."

"ಇದು ಸತ್ತಿರೋದು ಅಕ್ಕ. ಇದನ್ನ ಯಾವಾಗ್ ಬೇಕಾದ್ರೂ ಓದ್ಬೋದು. ಬದುಕಿರೋದು ನಿಮ್ಮನೇಲಿ ಮಾತ್ರ ಇದೆ. ಅದ್ ಹೋದ್ರೆ ನಂದೂ ಹೋಯ್ತು."

ಇದನ್ನು ಅವರು ನನಗೆ ಹೇಳಿದ್ದರು. ಬಾಯಲ್ಲೂ ಹೇಳಿದ್ದರು, ಎದೆ ಮುಟ್ಟಿಕೊಂಡು ಕೈಯಲ್ಲೂ ಹೇಳಿದ್ದರು. ಗೊತ್ತಿರಲಿಲ್ಲ ಅಂತ ನಾನು ಅನ್ನುವಂತಿಲ್ಲ.

ನಾಲ್ಕು ವರ್ಷ ಆಗುತ್ತಾ ಬಂದಿತ್ತು, ಇಪ್ಪತ್ತೆರಡನೇ ಬೆಳೆ. ಇನ್ನೆರಡು ಬೆಳೆ ಆದರೆ ಮುಗಿಯಿತು ಅನ್ನುತ್ತಿದ್ದರು. ಹುಳು ಪೊರೆ ಬಿಡುವ ಮೊದಲು ತಿನ್ನದೆ ತಲೆ ಎತ್ತಿ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ಎದ್ದು, ಏಳೆಂಟು ದಿನ ತಿಂದರೆ ಹುಳು ಹಣ್ಣಾಗುತ್ತದೆ, ಗೂಡು ಕಟ್ಟುವುದಕ್ಕೆ ಸಿದ್ಧವಾಗುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಕಟ್ಟಿರುತ್ತಾರಲ್ಲ, ಅದೇ ಚಂದ್ರಿಕೆ. ಆ ಎರಡು ದಿನ ಮನೆಯಲ್ಲಿ ಯಾರಿಗೂ ಊಟ ಇಲ್ಲ, ಸ್ನಾನ ಇಲ್ಲ.

ಆ ಎರಡು ದಿನದ ಹಿಂದಿನ ದಿನ ಮೇಡಂ ಬಂದರು. ಒಬ್ಬರೇ ಬಂದರು. ಹುಡುಗಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅಂಗಳಕ್ಕೆ ಬರದೆ ಹೊಂಗೆ ಮರದ ಕೆಳಗೇ ನಿಂತರು.

"ಯಾಕ್ ಅಲ್ ನಿಂತ್ರಿ? ಬನ್ನಿ."

"ಅಮ್ಮ ಹೋದ್ರು ಅಕ್ಕ. ಮೊನ್ನೆ."

ಹೇಳದೆ ಇದ್ದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಸಾವು ನಮ್ಮೂರಿಗೆ ಯಾರು ಬಂದು ಹೇಳುತ್ತಾರೆ? ಕಾಲು ತೊಳೆದು ಒಳಗೆ ಬಂದು, ಮಾರನೆಯ ದಿನ ಅವರ ಐದು ಹಿಡಿ ಹುಳುವನ್ನು ಐದು ಚಂದ್ರಿಕೆಗೆ ಬಿಟ್ಟು ಹೋಗಬಹುದಿತ್ತು. ಅವರು ಹೇಳಿದರು.

ಅಯ್ಯೋ ಪಾಪ ಅಂದೆ. ಆಮೇಲೆ, "ಸೂತಕ ಕಳೀಲಿ, ಬನ್ನಿ" ಅಂದೆ. ಎರಡನ್ನೂ ಒಂದೇ ಉಸಿರಿನಲ್ಲಿ ಅಂದೆ.

"ಅಷ್ಟ್ರಲ್ಲಿ ಚಿಟ್ಟೆ ಹೊರಗ್ ಬಂದ್ಬಿಡುತ್ವೆ ಅಕ್ಕ."

"ಅದಕ್ ನಾನೇನ್ ಮಾಡ್ಲಿ? ನನ್ ಮನೆ ಪೂರ್ತಿ ಹುಳು ಅದೆ. ನಿಮ್ದೊಂದ್ ಹಿಡೀಗೋಸ್ಕರ ಅಷ್ಟನ್ನೂ ಕೆಡಿಸ್ಕೊಳ್ಳೋಕಾಗುತ್ತಾ?"

ಈಗ ತಟ್ಟೆಯ ಮಾತು ಎತ್ತುತ್ತಾರೆ ಅಂತ ಕಾದೆ. ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ಎತ್ತಲಿಲ್ಲ. "ಸರಿ ಅಕ್ಕ, ನಿಮ್ ಮನೆ. ನೀವೇ ಬಿಟ್ಕೊಡಿ. ನಾನ್ ಇಲ್ಲಿಂದಾನೇ ಹೇಳ್ತೀನಿ" ಅಂದರು.

ಮಾರನೆಯ ದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಆ ಮರದ ಕೆಳಗೆ ನಿಂತು ಕೂಗಿದರು. "ಕೆಂಪ್ ದಾರದ್ದು ಬೇರೆ ಅಕ್ಕಾ! ಹಸಿರ್ದು ಬೇರೆ! ಐದು ಚಂದ್ರಿಕೆ ಅಕ್ಕಾ, ಮೇಲೊಂದೊಂದು ಬಟ್ಟೆ ಕಟ್ಬಿಡಿ! ಚಿಟ್ಟೆ ಬಂದ್ರೂ ತಮ್ತಮ್ಮಲ್ಲೇ ಇರ್ತವೆ! ಅಷ್ಟಾದ್ರೆ ಸಾಕು!" ತಾಯಿ ಸತ್ತು ನಾಲ್ಕು ದಿನದ ಹೆಂಗಸು. ಮುಖ ಬಾಡಿತ್ತು, ದನಿ ಮಾತ್ರ ಮಗ್ಗದ್ದೇ. ಕೈ ಎತ್ತಿ ಐದು ಬೆರಳು ತೋರಿಸುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯೂ ಆಯಿತು, ಕಿರಿಕಿರಿಯೂ ಆಯಿತು.

"ಗೊತ್ತಾಯ್ತು, ಹೋಗ್ರೀ ಮೇಡಂ! ನಾನ್ ಹುಳು ಸಾಕಕ್ ಹಿಡಿದಾಗ ನೀವ್ ಇನ್ನೂ ಸ್ಕೂಲಿಗ್ ಹೋಗ್ತಿದ್ರಿ! ನಾನ್ ನೋಡ್ಕೋತೀನಿ!"

"ನೋಡ್ಕೋತೀರಲ್ಲ ಅಕ್ಕ?"

"ಹೂಂ, ಹೋಗಿ."

ನನ್ನ ಮಾತು ನಂಬಿ ಹೋದರು.

ಆವತ್ತು ಬಿಸಿಲು ಜೋರಿತ್ತು. ಎರಡು ದಿನದಲ್ಲಿ ಹಣ್ಣಾಗಬೇಕಾದ ಹುಳು ಒಂದೇ ಹೊತ್ತಿಗೆ ಹಣ್ಣಾದವು. ನಾನು, ಸೊಸೆ, ಆರಿಸಿ ಆರಿಸಿ ಬೆರಳು ಅಂಟಂಟು. ಚಂದ್ರಿಕೆ ಸಾಲಲಿಲ್ಲ. ಬಾಡಿಗೆಗೆ ತರೋಣ ಅಂದರೆ ಊರಿನಲ್ಲಿ ಎಲ್ಲರದೂ ಅದೇ ಪಾಡು. ಹುಳು ತಟ್ಟೆಯಲ್ಲೇ ನೂಲು ಬಿಡತೊಡಗಿದವು. ಗೋಡೆಗೆ ಒರಗಿಸಿಟ್ಟ ಮೇಡಂ ಅವರ ಐದು ಚಂದ್ರಿಕೆ ಕಣ್ಣಿಗೆ ಬಿತ್ತು. ಒಂದೊಂದರಲ್ಲಿ ಸಾವಿರ ಹುಳು ಹಿಡಿಸುತ್ತದೆ. ಅವರದು ಒಂದೊಂದು ಹಿಡಿ.

ಐದೂ ಹಿಡಿಯನ್ನು ಒಂದೇ ಚಂದ್ರಿಕೆಗೆ ಬಿಟ್ಟೆ. ಮಿಕ್ಕ ನಾಲ್ಕು ನನ್ನ ಹುಳುವಿಗೆ ತೆಗೆದುಕೊಂಡೆ.

ಸೊಸೆ, "ಅತ್ತೆ, ಮೇಡಮ್ಮೋರು ಬೇರೆ ಬೇರೆ ಅಂದಿದ್ರು" ಅಂದಳು.

"ಹುಳು ಹುಳುನೇ ಕಣೇ. ಸಾಯ್ದೆ ಗೂಡು ಕಟ್ಟಿದ್ರೆ ಸಾಕಲ್ವಾ ಅವರ್ಗೆ" ಅಂದೆ. ದಾರ ಎಸೆಯಲಿಲ್ಲ. ಐದು ಬಣ್ಣವನ್ನೂ ಒಟ್ಟಿಗೆ ಸೇರಿಸಿ ಆ ಚಂದ್ರಿಕೆಯ ಮೂಲೆಗೆ ಭದ್ರವಾಗಿ ಕಟ್ಟಿದೆ. ಹೇಳಿದ ಹಾಗೆ ಮೇಲೆ ಬಟ್ಟೆಯನ್ನೂ ಮುಚ್ಚಿದೆ.

ನಲವತ್ತು ವರ್ಷ ಗೂಡು ಬಿಡಿಸಿ ನಮ್ಮ ಪಕ್ಕದ ವಿಜಯಪುರದ ಗೂಡಿನ ಮಾರುಕಟ್ಟೆಗೆ ಹಾಕಿದವಳು ನಾನು. ಚಿಟ್ಟೆ ಹುಟ್ಟುವುದನ್ನು ನೋಡಿದವಳಲ್ಲ. ನಮ್ಮ ಲೆಕ್ಕದಲ್ಲಿ ಚಿಟ್ಟೆ ಬಂತು ಅಂದರೆ ಗೂಡು ತೂತಾಯಿತು, ಕೆಟ್ಟಿತು. ನನ್ನ ಗೂಡು ಆರನೇ ದಿನಕ್ಕೆ ಮಾರಾಟವಾಯಿತು. ಅವರದು ಖಾಲಿ ಹುಳುಮನೆಯಲ್ಲಿ ಒಂದೇ ಉಳಿಯಿತು.

ಸೂತಕ ಕಳೆದ ಮಾರನೆಯ ಬೆಳಗ್ಗೆಯೇ ಮೇಡಂ ಬಂದರು. ತಲೆಗೆ ನೀರು ಹಾಕಿಕೊಂಡು, ನನಗೆ ಹಣ್ಣು ಹೂವು ಹಿಡಿದುಕೊಂಡು. ಬಾಗಿಲು ತೆಗೆದರೆ ಒಳಗೆ ಒಂದು ಸದ್ದು. ಹುಳು ಸೊಪ್ಪು ತಿನ್ನುವ ಸದ್ದಲ್ಲ. ಒಣ ಎಲೆ ನಡುಗಿದ ಹಾಗೆ. ಬಟ್ಟೆ ಎತ್ತಿದೆ. ಬಿಳೀ ಚಿಟ್ಟೆಗಳು. ಹಾರಲಾರವು, ರೆಕ್ಕೆ ಮಾತ್ರ ಬಡಿಯುತ್ತವೆ. ಜೋಡಿ ಜೋಡಿ ಕೂಡಿಕೊಂಡಿದ್ದವು. ಕೆಲವು ಆಗಲೇ ಬಟ್ಟೆಯ ಮೇಲೆ ಮೊಟ್ಟೆ ಇಟ್ಟಿದ್ದವು.

ಮೇಡಂ ಸುತ್ತ ನೋಡಿದರು. ಮಿಕ್ಕ ನಾಲ್ಕು ಎಲ್ಲಿ ಅಂತ ಹುಡುಕುತ್ತಿದ್ದಾರೆ ಅಂತ ನನಗೆ ಹೊಳೆಯಲಿಲ್ಲ.

"ಒಂದೂ ಸತ್ತಿಲ್ಲ ನೋಡಿ! ಎಲ್ಲಾ ಕಟ್ಟಿವೆ" ಅಂದೆ. ಹೆಮ್ಮೆಯಿಂದ ಅಂದೆ. ಆ ಹೆಮ್ಮೆ ನನಗೆ ಇನ್ನೂ ಹೋಗಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಇದೆ.

ಅವರು ಚಂದ್ರಿಕೆಯ ಮೂಲೆಗೆ ಕಟ್ಟಿದ್ದ ಐದು ದಾರ ನೋಡಿದರು. ಕುಕ್ಕರುಗಾಲಲ್ಲಿ ಕೂತು, ಗಂಟು ಬಿಚ್ಚಿ, ಒಂದೊಂದಾಗಿ ಬೇರೆ ಮಾಡಿದರು. ದಾರಗಳನ್ನು ಬೇರೆ ಮಾಡಬಹುದಿತ್ತು, ಅಷ್ಟೆ. ಬೈದರೆ ತಿರುಗಿ ಬೈಯೋಣ ಅಂತ ನಾನೂ ನಿಂತಿದ್ದೆ.

"ಚೆನ್ನಾಗ್ ಕಟ್ಟಿವೆ ಅಕ್ಕ" ಅಂದರು. ಮೆಲ್ಲಗೆ. ಅವರಿಗೆ ಮೆಲ್ಲಗೆ ಮಾತಾಡುವುದು ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

"ಮತ್ತೆ ಮೊದ್ಲಿಂದ ಮಾಡೋಣ ಬಿಡಿ" ಅಂದೆ, ಆಗ ಸ್ವಲ್ಪ ಸ್ವಲ್ಪ ಅರ್ಥವಾಗಿ.

"ಮತ್ತೆ ನಾಕ್ ವರ್ಷ ಬೇಕು. ನಮ್ಗೆ ದುಡ್ಡು ಕೊಡೋರು ಒಂದೇ ಸಲ ಕೊಡೋದು ಅಕ್ಕ."

ಆಮೇಲೆ ಅವರು ಕೆಲಸಕ್ಕೆ ಬರಲಿಲ್ಲ. ಹಾಗಂತ ಬರುವುದನ್ನು ಬಿಡಲೂ ಇಲ್ಲ. ವರ್ಷಕ್ಕೆ ಎರಡು ಸಲ, ಘಾಟಿ ದೇವಸ್ಥಾನಕ್ಕೆ ಹೋಗಿ ಬರುವ ದಾರಿಯಲ್ಲಿ ಅಂತ ಏನೋ ನೆವ ಹೇಳಿ ಬರುತ್ತಿದ್ದರು. ಬಂದರೆ ಹೊಂಗೆ ಮರದ ಕೆಳಗೇ ಕೂರುವುದು.

"ಒಳಗ್ ಬನ್ನಿ ಮೇಡಂ. ಈಗ ಯಾವ್ ಸೂತಕ?"

"ಇಲ್ಲೇ ತಂಪಾಗಿದೆ ಅಕ್ಕ."

ಚುಚ್ಚುವುದಕ್ಕೆ ಹೇಳಿದ್ದಲ್ಲ. ಚುಚ್ಚುವ ಹೆಂಗಸಲ್ಲ ಅವರು. ಆ ಬಾಗಿಲು ಅವರಿಗೆ ಮುಚ್ಚಿತ್ತು, ಅಷ್ಟೆ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ ತೋರಿಸುತ್ತಿದ್ದರು. ಕೂಗು ಹೋಗಿತ್ತು, ಕೈ ಮಾತ್ರ ಉಳಿದಿತ್ತು.

ನಾನು ದೆವ್ವ ನಂಬುವವಳಲ್ಲ. ಈ ವಯಸ್ಸಿಗೆ ಎಷ್ಟೋ ಹೆಣ ನೋಡಿದ್ದೇನೆ, ಒಂದೂ ಎದ್ದು ಬಂದಿಲ್ಲ. ಆದರೆ ಆ ಬೆಳೆಯಾದ ಮೇಲೆ ಹುಳು ಹಣ್ಣಾಗುವ ದಿನ ಬಂತೆಂದರೆ ಮರದ ಕಡೆಯಿಂದ ಕೂಗು ಕೇಳುತ್ತದೆ. ಕೆಂಪು ದಾರದ್ದು ಬೇರೆ ಅಕ್ಕಾ. ಮೇಡಂ ಬದುಕಿದ್ದಾಗಲೇ ಕೇಳುತ್ತಿತ್ತು. ಹಾಡುಹಗಲು, ತಲೆಯ ಮೇಲೆ ವಿಮಾನ ಹೋಗುತ್ತಿರುವಾಗಲೂ ಕೇಳುತ್ತಿತ್ತು. ಕೈಯಲ್ಲಿನ ಹುಳು ಬಿಟ್ಟು ಬಾಗಿಲಿಗೆ ಬರುತ್ತೇನೆ. ಮರದ ಕೆಳಗೆ ನೆರಳು, ಅದರಲ್ಲಿ ನಮ್ಮ ನಾಯಿ. ಸೊಸೆ, "ಯಾರತ್ತೆ?" ಅಂತಾಳೆ. "ಯಾರೂ ಇಲ್ಲ, ನೀನ್ ಕೆಲ್ಸ ನೋಡು" ಅಂತೇನೆ. ಗೂಡು ಬಿಡಿಸಿ ಮಾರಿದ ಮೇಲೆ ಖಾಲಿ ಹುಳುಮನೆ ಗುಡಿಸಲು ಹೋದರೆ ಆ ರೆಕ್ಕೆಯ ಸದ್ದು. ಎಲ್ಲಾ ಮೂಲೆ ನೋಡಿದ್ದೇನೆ. ಹಲ್ಲಿಯೂ ಇರುವುದಿಲ್ಲ.

ಅವರು ಹೋದ ಸುದ್ದಿ ಹುಡುಗಿಯೇ ಫೋನು ಮಾಡಿ ಹೇಳಿದಳು. ಹೊಟ್ಟೆಯ ಕಾಯಿಲೆಯಂತೆ, ಒಂದು ವರ್ಷದಿಂದ ಇತ್ತಂತೆ. ನಮಗೆ ಹೇಳಿರಲಿಲ್ಲ. ನಮ್ಮ ಹುಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿದ್ದವು.

"ಅತ್ತೆ, ನೀವ್ ಮಣ್ಣಿಗ್ ಹೋಗ್ಬಂದ್ರೆ ಮೂರ್ ದಿನ ಒಳಗ್ ಬರಂಗಿಲ್ಲ. ತಿನ್ನೋ ಹೊತ್ತು. ನಾನೊಬ್ಳೇ ಹೆಂಗ್ ಸೊಪ್ ಹಾಕ್ಲಿ?" ಅಂದಳು ಸೊಸೆ.

"ಹಾಕು" ಅಂತ ಹೇಳಿ ಬಸ್ಸು ಹತ್ತಿದೆ.

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಮನೆಗೂ ಮಗ್ಗ. ಆವತ್ತು ಹೆಣ ಎತ್ತುವವರೆಗೂ ಎಲ್ಲರೂ ನಿಲ್ಲಿಸಿದ್ದರು. ಅವರು ಹೇಳಿ ಹೇಳಿ, ಆ ಬೀದಿ ಅಂದರೆ ಗದ್ದಲ ಅಂತಲೇ ನನ್ನ ತಲೆಯಲ್ಲಿದ್ದದ್ದು. ಹೋದರೆ ನನ್ನ ಚಪ್ಪಲಿಯ ಸದ್ದು ನನಗೆ ಕೇಳುತ್ತಿದೆ. ಮುಖ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು, ಈಗಲೋ ಆಗಲೋ ಕೂಗುವ ಹಾಗೆ.

ಹುಡುಗಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಇಲಾಖೆಯ ಬೋರ್ಡಿನಲ್ಲಿ ಮೇಡಂ ಫೋಟೋ ಕೆಳಗಿದ್ದ ರೇಷ್ಮೆ ಹುಳುವಿನ ಮಾತನ್ನು ಮೂರು ವರ್ಷದ ಹಿಂದೆಯೇ ಅವರೇ ತೆಗೆಸಿದರಂತೆ. ಆಮೇಲೆ ಯೀಸ್ಟಿನ ಮೇಷ್ಟ್ರ ಕೆಲಸಕ್ಕೆ ಕೈಜೋಡಿಸಿಕೊಂಡು ಇದ್ದರಂತೆ. ರೋಗ ಬಿದ್ದು ಹುಳುವೆಲ್ಲ ಹೋದವು ಅಂತ ಅಲ್ಲಿ ಮಾತಾಡಿಕೊಂಡಿದ್ದರಂತೆ.

"ಮೇಡಂ ಹಂಗೆ ಬರೀಲಿಲ್ಲ ಅಜ್ಜಿ. ಕೊನೇ ವರದೀಲಿ, ವಂಶಗಳು ಬೆರೆತುಹೋದವು, ಇದು ನನ್ನ ತಪ್ಪು, ಸಾಕಿದವರ ತಪ್ಪಲ್ಲ ಅಂತ ಬರೆದ್ರು. ನಾನು ಯಾಕ್ ಮೇಡಂ ಅಂದೆ. ಆ ಮನೆ ಕಟ್ಟುಪಾಡು ಗೊತ್ತಿದ್ದು ನಾನು ಬೇರೆ ಏರ್ಪಾಡು ಮಾಡ್ಕೋಬೇಕಿತ್ತು ಅಂದ್ರು."

"ಆ ಡಬ್ಬಿಗಳು?"

"ಇದಾವೆ. ಜಾಗ ಬೇಕು ಅಂತ ಎರಡ್ ಸಲ ಎಸೆಯೋಕ್ ಬಂದ್ರು. ಮೇಡಂ ಬಿಡ್ಲಿಲ್ಲ."

ಮಣ್ಣು ಮಾಡುವ ಜಾಗದವರೆಗೂ ಹೋದೆ. ಒಂದು ಹಿಡಿ ಮಣ್ಣು ಹಾಕಿದೆ. ವಾಪಸು ಬರುವಾಗ ಬೀದಿಯಲ್ಲಿ ಒಂದು ಮಗ್ಗ ಶುರುವಾಯಿತು, ಆಮೇಲೆ ಇನ್ನೊಂದು.

ಊರಿಗೆ ಬರುವ ಹೊತ್ತಿಗೆ ಹೊತ್ತು ಮುಳುಗಿತ್ತು. ಸೊಸೆ ಬಚ್ಚಲಲ್ಲಿ ನೀರು ಕಾಯಿಸಿಟ್ಟಿದ್ದಳು. "ಅತ್ತೆ, ನೀರ್ ಹಾಕ್ಕೊಂಡ್ ಬನ್ನಿ."

"ಇರ್ಲಿ."

"ಅತ್ತೆ, ಮಣ್ಣಿಂದ ಬಂದಿದ್ದೀರಿ."

"ಗೊತ್ತು" ಅಂದೆ. ಜಗುಲಿಯ ಮೇಲೆ ಚಾಪೆ ಹಾಕಿಕೊಂಡು ಮಲಗಿದೆ.

ಬೆಳಗ್ಗೆ ಎದ್ದವಳು ಮುಖವನ್ನೂ ತೊಳೆಯಲಿಲ್ಲ. ಉಟ್ಟಿದ್ದು ಅದೇ ಸೀರೆ. ಉಗುರಿನ ಸಂದಿಯಲ್ಲಿ ಅದೇ ಮಣ್ಣು. ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹುಳುಮನೆಗೆ ನಡೆದೆ. ಸೊಸೆ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಅತ್ತೆ! ತಲೆ ಕೆಟ್ಟಿದ್ಯಾ ನಿಮ್ಗೆ? ಹುಳು ಕೆಟ್ರೆ?"

"ಕೆಟ್ರೆ ನಾನ್ ಅವರನ್ನ ಹೊರಗ್ ನಿಲ್ಸಿದ್ದು ಸರಿ ಅಂತಾಯ್ತು. ಕೆಡದೆ ಇದ್ರೆ ಅಲ್ಲ ಅಂತಾಯ್ತು. ಪಕ್ಕಕ್ ನಿಂತ್ಕೋ."

ಹೊಸ್ತಿಲು ದಾಟಿದೆ. ಒಂದು ತಟ್ಟೆ ಎತ್ತಿ, ಮಿಕ್ಕವುಗಳಿಂದ ದೂರ, ಕಿಟಕಿಯ ಕೆಳಗೆ ಬೇರೆ ಇಟ್ಟೆ. ಸೀರೆಯ ಅಂಚಿನಿಂದ ಒಂದು ಕೆಂಪು ಎಳೆ ಕಿತ್ತು ತಟ್ಟೆಯ ಅಂಚಿಗೆ ಕಟ್ಟಿದೆ.

"ಇದನ್ನ ಇನ್ನು ನಾನೊಬ್ಳೇ ಮುಟ್ಟೋದು. ಮಿಕ್ಕಿದ್ದೆಲ್ಲ ನೀನು. ಬೆರೆಸ್ಬೇಡ" ಅಂದೆ.

ಆಮೇಲೆ ಆ ಕೈಯಲ್ಲೇ ಸೊಪ್ಪು ಹರಡಿ, ಅವು ತಲೆ ಎತ್ತುತ್ತವೋ, ತಿನ್ನುತ್ತವೋ ಅಂತ ತಟ್ಟೆಯ ಮುಂದೆ ಮೂಗು ತಾಗುವ ಹಾಗೆ ಬಗ್ಗಿ ಕೂತೆ.